ಪವರ್ ಬಟನ್ ಕೆಟ್ಟ ಕಂಪ್ಯೂಟರ್: ಆರಿಸುವ ಮುನ್ನ ಸೆಟ್ಟಿಂಗ್‌ಗಳನ್ನು ಉಳಿಸಿಕೊಳ್ಳುವ ಕ್ರಮ

ಪವರ್ ಬಟನ್ ಕೈಕೊಡುತ್ತಿದೆ ಎಂಬ ಅನುಮಾನ ಬಂದ ಹೊತ್ತಿನಲ್ಲಿ ಕಂಪ್ಯೂಟರ್ ಚಾಲೂ ಇದ್ದರೆ, ದಯವಿಟ್ಟು ಅದನ್ನು ಆರಿಸಬೇಡಿ. ಬಟನ್ ನಿಜಕ್ಕೂ ಕೆಟ್ಟಿದೆಯೇ ಎಂದು ತಿಳಿಯಲು ಒಮ್ಮೆ ಶಟ್‌ಡೌನ್ ಮಾಡಿ, ಮತ್ತೆ ಒತ್ತಿ ನೋಡುವವರೇ ಹೆಚ್ಚು. ಆ ಪರೀಕ್ಷೆಯಲ್ಲಿ ಬಟನ್ ಸೋತರೆ, ಅಲ್ಲಿಯವರೆಗೆ ಕೈಗೆ ಸಿಗುತ್ತಿದ್ದ ಯಂತ್ರ ಕ್ಯಾಬಿನೆಟ್ ಬಿಚ್ಚುವ ತನಕ ಕೈಗೆ ಸಿಗುವುದಿಲ್ಲ. ಚಾಲೂ ಇರುವಷ್ಟು ಹೊತ್ತು ಮೌಸ್ ಮತ್ತು ಕೀಬೋರ್ಡ್‌ನಿಂದಲೇ ಎಲ್ಲ ಕೆಲಸವೂ ನಡೆಯುತ್ತದೆ: ಕಡತಗಳನ್ನು ನಕಲು ಮಾಡಬಹುದು, ಸೆಟ್ಟಿಂಗ್‌ಗಳನ್ನು ಬದಲಿಸಬಹುದು, ರೀಸ್ಟಾರ್ಟ್ ಕೊಟ್ಟು ಬಯಾಸ್ (ವಿಂಡೋಸ್‌ಗಿಂತ ಮೊದಲು ಏಳುವ, ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ತಂತ್ರಾಂಶ) ಒಳಗೂ ಹೋಗಿ ಬರಬಹುದು. ರೀಸ್ಟಾರ್ಟ್‌ಗೆ ಪವರ್ ಬಟನ್ ಬೇಕಾಗಿಯೇ ಇಲ್ಲ ಎಂಬುದನ್ನು ಗಾಬರಿಯಲ್ಲಿ ಬಹಳ ಜನ ಮರೆಯುತ್ತಾರೆ.

ಆದ್ದರಿಂದ ಇಲ್ಲಿ ಹೇಳುವ ಕ್ರಮ ಹೀಗಿದೆ. ಮೊದಲು ಬಟನ್‌ಗೆ ಇರುವ ಅಧಿಕಾರವನ್ನು ಕಿತ್ತುಕೊಳ್ಳಬೇಕು; ನಂತರ ಸೆಟ್ಟಿಂಗ್‌ಗಳು ಡಿಸ್ಕಿಗೆ ಇಳಿಯುವಂತೆ ಮಾಡಿ, ಅವುಗಳ ಒಂದು ಪ್ರತಿಯನ್ನು ಯಂತ್ರದ ಹೊರಗೆ ಇಟ್ಟುಕೊಳ್ಳಬೇಕು; ಬಳಿಕ ಬಟನ್ ಇಲ್ಲದೆಯೇ ಯಂತ್ರ ಏಳುವ ದಾರಿಯನ್ನು ಬಯಾಸ್‌ನಲ್ಲಿ ತೆರೆದಿಡಬೇಕು; ಇಷ್ಟಾದ ಮೇಲೆಯೇ ಶಟ್‌ಡೌನ್. ಬಟನ್ ರಿಪೇರಿ ಇವೆಲ್ಲಕ್ಕಿಂತ ಅಗ್ಗದ ಮತ್ತು ಸುಲಭದ ಕೆಲಸ, ಹಾಗಾಗಿ ಅದು ಕೊನೆಗೆ ಬಂದರೂ ನಷ್ಟವಿಲ್ಲ. ವಿವರಗಳನ್ನು ವಿಂಡೋಸ್ 10 ಮತ್ತು 11 ಇರುವ ಡೆಸ್ಕ್‌ಟಾಪ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಲ್ಯಾಪ್‌ಟಾಪ್ ಮತ್ತು ಲಿನಕ್ಸ್ ವಿಷಯವನ್ನು ನಡುವೆ ಪ್ರತ್ಯೇಕವಾಗಿ ಹೇಳಿದ್ದೇನೆ.

ಬಟನ್ ಎರಡು ರೀತಿಯಲ್ಲಿ ಕೆಡುತ್ತದೆ

ಕ್ಯಾಬಿನೆಟ್‌ನ ಪವರ್ ಬಟನ್ ಮನೆಬಾಗಿಲಿನ ಕಾಲಿಂಗ್ ಬೆಲ್ ಸ್ವಿಚ್ಚಿನಂಥದ್ದು. ಯಂತ್ರಕ್ಕೆ ಬೇಕಾದ ವಿದ್ಯುತ್ ಅದರ ಮೂಲಕ ಹರಿಯುವುದಿಲ್ಲ. ಅದರಿಂದ ಹೊರಟ ಎರಡು ತೆಳ್ಳನೆಯ ವಯರ್‌ಗಳು ಮದರ್‌ಬೋರ್ಡಿನ (ಯಂತ್ರದ ಮುಖ್ಯ ಸರ್ಕ್ಯೂಟ್ ಹಲಗೆಯ) ಎರಡು ಪಿನ್ನುಗಳಿಗೆ ಸೇರಿರುತ್ತವೆ. ಒತ್ತಿದಾಗ ಆ ಎರಡು ಪಿನ್ನುಗಳು ಒಂದು ಕ್ಷಣ ಕೂಡುತ್ತವೆ, ಮದರ್‌ಬೋರ್ಡ್ ಅದನ್ನು ಸೂಚನೆಯೆಂದು ತಿಳಿದು ಪೂರ್ತಿ ವಿದ್ಯುತ್ ಕೊಡುವಂತೆ ಎಸ್‌ಎಂಪಿಎಸ್‌ಗೆ, ಅಂದರೆ ಕ್ಯಾಬಿನೆಟ್‌ನೊಳಗಿನ ವಿದ್ಯುತ್ ಪೂರೈಕೆಯ ಡಬ್ಬಿಗೆ, ಹೇಳುತ್ತದೆ. ಗೋಡೆಯ ಸ್ವಿಚ್ ಹಾಕಿರುವಷ್ಟು ಹೊತ್ತು, ಕಂಪ್ಯೂಟರ್ ಆರಿದಂತೆ ಕಂಡರೂ, ಮದರ್‌ಬೋರ್ಡಿನಲ್ಲಿ 5 ವೋಲ್ಟ್‌ನ ಸ್ಟ್ಯಾಂಡ್‌ಬೈ ವಿದ್ಯುತ್ ಈ ಸೂಚನೆಗಾಗಿಯೇ ಕಾಯುತ್ತಿರುತ್ತದೆ. ಬಟನ್ನನ್ನು ಸುಮಾರು 4 ಸೆಕೆಂಡ್ ಒತ್ತಿಹಿಡಿದರೆ ಮಾತ್ರ ಕಥೆ ಬೇರೆ. ಆಗ ವಿಂಡೋಸನ್ನು ಕೇಳದೆಯೇ ಹಾರ್ಡ್‌ವೇರ್ ತಾನಾಗಿ ಯಂತ್ರವನ್ನು ಆರಿಸಿಬಿಡುತ್ತದೆ.

ಮೊದಲನೆಯ ದೋಷವೆಂದರೆ ಎಷ್ಟು ಒತ್ತಿದರೂ ಸಂಪರ್ಕವೇ ಆಗದಿರುವುದು. ಇದರಲ್ಲಿ ಚಾಲೂ ಇರುವ ಯಂತ್ರಕ್ಕೆ ಅಪಾಯವಿಲ್ಲ, ಆರಿಸಿದ ಮೇಲೆ ಏಳಿಸುವುದಷ್ಟೇ ಕಷ್ಟ. ಎರಡನೆಯದು ಬಟನ್ ಒಳಗೇ ಸಿಕ್ಕಿಕೊಳ್ಳುವುದು, ಅಥವಾ ತಾನಾಗಿ ಆಗಾಗ ಒತ್ತಿಕೊಳ್ಳುವುದು. ದೂಳು ಮತ್ತು ಬೆರಳಿನ ಜಿಡ್ಡು ಸೇರಿ ಪ್ಲಾಸ್ಟಿಕ್ ಗುಂಡಿ ಹಿಂದಕ್ಕೆ ಬಾರದಿದ್ದರೆ ಹೀಗಾಗುತ್ತದೆ. ಸೆಟ್ಟಿಂಗ್‌ಗಳ ದೃಷ್ಟಿಯಿಂದ ಇದೇ ಹೆಚ್ಚು ಅಪಾಯಕಾರಿ, ಏಕೆಂದರೆ ನೀವು ಏನನ್ನೋ ಬದಲಿಸುತ್ತಿರುವಾಗಲೇ ಯಂತ್ರ ಆರಿಹೋಗಬಹುದು. ಚಾಲೂ ಆಗಿ ನಾಲ್ಕೈದು ಸೆಕೆಂಡಿನಲ್ಲೇ ಆರುವ ಕಂಪ್ಯೂಟರನ್ನು ಕಂಡರೆ, ಎಸ್‌ಎಂಪಿಎಸ್ ಕೆಟ್ಟಿದೆ ಎಂದು ಹೊಸದನ್ನು ಕೊಳ್ಳುವ ಮುನ್ನ ಬಟನ್ ಸಿಕ್ಕಿಕೊಂಡಿದೆಯೇ ಎಂದು ನೋಡುವುದು ಒಳ್ಳೆಯದು.

ಯಾವ ದೋಷವೆಂದು ಖಚಿತವಾಗದಿದ್ದರೆ ವಿಂಡೋಸೇ ಸುಳಿವು ಕೊಡುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಅಡಿಯಲ್ಲಿ ಸಿಸ್ಟಮ್ ಎಂಬುದನ್ನು ಆಯ್ದುಕೊಂಡು, ಕರ್ನಲ್-ಪವರ್ ಹೆಸರಿನ 41ನೇ ಸಂಖ್ಯೆಯ ದಾಖಲೆಗಳನ್ನು ಹುಡುಕಿ. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ಮತ್ತೆ ಚಾಲೂ ಆದಾಗ ಈ ದಾಖಲೆ ಬೀಳುತ್ತದೆ. ಅದರ ಡೀಟೇಲ್ಸ್ ಪುಟದಲ್ಲಿ ಪವರ್‌ಬಟನ್‌ಟೈಮ್‌ಸ್ಟ್ಯಾಂಪ್ ಎಂಬ ಸಾಲಿನ ಮುಂದೆ ಸೊನ್ನೆಯಲ್ಲದ ಸಂಖ್ಯೆ ಇದ್ದರೆ, ಬಟನ್ ದೀರ್ಘವಾಗಿ ಒತ್ತಿಕೊಂಡದ್ದರಿಂದಲೇ ಯಂತ್ರ ಆರಿದೆ ಎಂದು ತಿಳಿಯಬಹುದು. ಅಲ್ಲಿ ಸೊನ್ನೆ ಇದ್ದರೆ ಕರೆಂಟ್ ಹೋಗಿದ್ದರಿಂದಲೋ ಬೇರೆ ಕಾರಣದಿಂದಲೋ ಆರಿರುವ ಸಾಧ್ಯತೆ ಹೆಚ್ಚು.

ಬಟನ್‌ನ ಅಧಿಕಾರವನ್ನು ಕಿತ್ತುಕೊಳ್ಳುವುದು

ಕಂಟ್ರೋಲ್ ಪ್ಯಾನೆಲ್ ತೆರೆದು, ಹಾರ್ಡ್‌ವೇರ್ ಆಂಡ್ ಸೌಂಡ್ ಅಡಿಯಲ್ಲಿರುವ ಪವರ್ ಆಪ್ಷನ್ಸ್‌ಗೆ ಹೋಗಿ. ಎಡಬದಿಯಲ್ಲಿ 'ಚೂಸ್ ವಾಟ್ ದ ಪವರ್ ಬಟನ್ಸ್ ಡೂ' ಎಂಬ ಕೊಂಡಿ ಇರುತ್ತದೆ. ಅದರೊಳಗೆ, ಪವರ್ ಬಟನ್ ಒತ್ತಿದಾಗ ಏನಾಗಬೇಕು ಎಂಬಲ್ಲಿ 'ಡೂ ನಥಿಂಗ್' ಆಯ್ದುಕೊಂಡು, ಕೆಳಗಿನ ಸೇವ್ ಚೇಂಜಸ್ ಒತ್ತಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿಯಲ್ಲಿ ಇರುವಾಗ ಮತ್ತು ಚಾರ್ಜರ್ ಹಾಕಿರುವಾಗ ಎಂದು ಎರಡು ಕಾಲಮ್ಮುಗಳಿರುತ್ತವೆ, ಎರಡನ್ನೂ ಬದಲಿಸಬೇಕು. ಇನ್ನು ಮುಂದೆ ಬಟನ್ ಅರೆಕ್ಷಣ ತಾನಾಗಿ ಒತ್ತಿಕೊಂಡರೂ ವಿಂಡೋಸ್ ಅದಕ್ಕೆ ಕಿವಿಗೊಡುವುದಿಲ್ಲ. ಆದರೆ 4 ಸೆಕೆಂಡಿನ ಒತ್ತಡವನ್ನು ಇದು ತಡೆಯಲಾರದು. ಬಟನ್ ಪೂರ್ತಿ ಸಿಕ್ಕಿಕೊಳ್ಳುವ ಬಗೆಯದಾದರೆ ಗುಂಡಿ ಹೊರಗೆ ಬಂದಿದೆಯೇ ಎಂದು ನೋಡಿಕೊಂಡು, ಅದರ ಹತ್ತಿರ ಯಾರೂ ಕೈಯಿಡದಂತೆ ಎಚ್ಚರ ವಹಿಸಬೇಕು.

ಇದೇ ಹೊತ್ತಿನಲ್ಲಿ ಇನ್ನೆರಡು ಕೆಲಸ ಮುಗಿಸಿ. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಅವಧಿಯನ್ನೂ, ಹೈಬರ್ನೇಟ್ ಇದ್ದರೆ ಅದರ ಅವಧಿಯನ್ನೂ 'ನೆವರ್' ಎಂದು ಮಾಡಿ. ಸ್ಲೀಪ್‌ನಿಂದ ಸಾಮಾನ್ಯವಾಗಿ ಕೀಬೋರ್ಡ್ ಒತ್ತಿ ಎಬ್ಬಿಸಬಹುದು, ಆದರೆ ಹೈಬರ್ನೇಟ್ ಆದ (ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಬರೆದು ಪೂರ್ತಿ ಆರಿದ) ಯಂತ್ರಕ್ಕೆ ಸಾಮಾನ್ಯವಾಗಿ ಪವರ್ ಬಟನ್ನೇ ಬೇಕು. ವಿಂಡೋಸ್ ಅಪ್‌ಡೇಟನ್ನು ಒಂದು ವಾರದ ಮಟ್ಟಿಗೆ ಪಾಜ್ ಮಾಡಿ, ಅಂದರೆ ತಡೆಹಿಡಿಯಿರಿ. ಬಯಾಸ್ ಅಪ್‌ಡೇಟ್ ಮಾಡುವ ಯೋಚನೆಯಂತೂ ಬಟನ್ ರಿಪೇರಿಯಾಗುವ ತನಕ ಬೇಡವೇ ಬೇಡ, ಏಕೆಂದರೆ ಅದು ನಡೆಯುತ್ತಿರುವಾಗ ಯಂತ್ರ ಆರಿದರೆ ಮದರ್‌ಬೋರ್ಡ್ ಮತ್ತೆ ಏಳದೇ ಹೋಗಬಹುದು.

ಸೆಟ್ಟಿಂಗ್ ನಿಜವಾಗಿ ಉಳಿಯುವುದು ಯಾವಾಗ

ಓಕೆ ಅಥವಾ ಅಪ್ಲೈ ಒತ್ತಿದ ಕ್ಷಣವೇ ಸೆಟ್ಟಿಂಗ್ ಡಿಸ್ಕಿನಲ್ಲಿ ಶಾಶ್ವತವಾಗಿ ದಾಖಲಾಯಿತು ಎಂದು ನಾವು ನಂಬಿರುತ್ತೇವೆ. ವಾಸ್ತವದಲ್ಲಿ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಆದ ಬದಲಾವಣೆ ಮೊದಲು ಮೆಮೊರಿಯಲ್ಲಿ ನಡೆಯುತ್ತದೆ, ಡಿಸ್ಕಿಗೆ ಇಳಿಯುವುದು ಅದರ ನಂತರ. ಈ ಅಂತರ ಚಿಕ್ಕದು, ಮತ್ತು ನಡುವೆ ಕರೆಂಟ್ ಹೋದರೆ ಹಾಳಾಗದಂತೆ ಕಾಯುವ ಲಾಗ್ ಕಡತಗಳ ವ್ಯವಸ್ಥೆಯೂ ಇದೆ. ಆದರೂ ಬದಲಿಸಿದ ತಕ್ಷಣ ಯಂತ್ರ ಆರಿದರೆ ಕೊನೆಯ ಬದಲಾವಣೆ ಸಿಗದೇ ಹೋಗಬಹುದು. ಇನ್ನು ಕೆಲವು ಸೆಟ್ಟಿಂಗ್‌ಗಳು ಇಷ್ಟೂ ಅವಸರ ಮಾಡುವುದಿಲ್ಲ. ಡೆಸ್ಕ್‌ಟಾಪ್ ಮೇಲೆ ಐಕಾನ್‌ಗಳನ್ನು ನಿಮಗೆ ಬೇಕಾದಂತೆ ಜೋಡಿಸಿಕೊಂಡಿರುತ್ತೀರಿ. ಆ ಜೋಡಣೆ ಬರೆಯಲ್ಪಡುವುದು ಸಾಮಾನ್ಯವಾಗಿ ಸೈನ್ ಔಟ್ ಆಗುವಾಗ. ಯಂತ್ರ ಪದೇಪದೇ ಅರ್ಧಕ್ಕೆ ಆರುತ್ತಿದ್ದರೆ ಐಕಾನ್‌ಗಳು ಹಳೆಯ ಜಾಗಕ್ಕೆ ಮರಳುವುದಕ್ಕೆ ಕಾರಣ ಇದು, ವೈರಸ್ ಅಲ್ಲ.

ಅಪ್ಲಿಕೇಶನ್‌ಗಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ವರ್ಡ್‌ನಲ್ಲಿ ನೀವು ಹೊಂದಿಸಿಕೊಂಡ ಫಾಂಟ್, ಅಂಚು, ಶಾರ್ಟ್‌ಕಟ್ ಕೀಗಳು ನಾರ್ಮಲ್ ಎಂಬ ಟೆಂಪ್ಲೇಟ್ ಕಡತದಲ್ಲಿ ಇರುತ್ತವೆ, ಮತ್ತು ಅದು ಸಾಮಾನ್ಯವಾಗಿ ಉಳಿಯುವುದು ವರ್ಡನ್ನು ಮುಚ್ಚುವಾಗ. ಫೋಟೋಶಾಪ್ ಕೂಡ ತನ್ನ ಆದ್ಯತೆಗಳನ್ನು ನಿರ್ಗಮಿಸುವ ಹೊತ್ತಿಗೆ ಬರೆಯುತ್ತದೆ. ಬೆಂಗಳೂರಿನ ಚಾಮರಾಜಪೇಟೆಯ ಡಿಟಿಪಿ ಅಂಗಡಿಗಳಲ್ಲಿ ಮದುವೆ ಸೀಸನ್ನಿನ ಸಮಯಕ್ಕೆ ಬೆಳಗಿನಿಂದ ರಾತ್ರಿವರೆಗೆ ಈ ತಂತ್ರಾಂಶಗಳು ಒಮ್ಮೆಯೂ ಮುಚ್ಚದೆ ತೆರೆದೇ ಇರುತ್ತವೆ. ಅಂಥಲ್ಲಿ ಕಡತವನ್ನು ಎಷ್ಟು ಸಲ ಸೇವ್ ಮಾಡಿದ್ದರೂ, ತಂತ್ರಾಂಶದ ಸೆಟ್ಟಿಂಗ್ ಮಾತ್ರ ಇಡೀ ದಿನ ಮೆಮೊರಿಯಲ್ಲೇ ತೇಲುತ್ತಿರಬಹುದು.

ಆದ್ದರಿಂದ ಮಾಡಬೇಕಾದದ್ದು ಇಷ್ಟು. ತೆರೆದಿರುವ ಕಡತಗಳನ್ನು ಸೇವ್ ಮಾಡಿ, ಪ್ರತಿ ತಂತ್ರಾಂಶವನ್ನೂ ಪೂರ್ತಿಯಾಗಿ ಮುಚ್ಚಿ. ಮಿನಿಮೈಸ್ ಮಾಡಿದರೆ ಸಾಲದು. ನಂತರ ವಿಂಡೋಸ್ ಕೀ ಮತ್ತು ಎಕ್ಸ್ ಒಟ್ಟಿಗೆ ಒತ್ತಿ, ಆಮೇಲೆ ಯು, ಆಮೇಲೆ ಐ ಒತ್ತಿದರೆ ಸೈನ್ ಔಟ್ ಆಗುತ್ತದೆ. ಸೈನ್ ಔಟ್ ಆದಾಗ ನಿಮ್ಮ ಖಾತೆಗೆ ಸೇರಿದ ರಿಜಿಸ್ಟ್ರಿ ಭಾಗ ಡಿಸ್ಕಿಗೆ ಇಳಿದು ಮುಚ್ಚಿಕೊಳ್ಳುತ್ತದೆ, ಆದರೆ ಯಂತ್ರ ಆರುವುದಿಲ್ಲ. ಮತ್ತೆ ಸೈನ್ ಇನ್ ಆಗಿ, ಬದಲಿಸಿದ ಸೆಟ್ಟಿಂಗ್ ಹಾಗೇ ಇದೆಯೇ ಎಂದು ಕಣ್ಣಾರೆ ನೋಡಿ. ಬಟನ್ ಕೆಟ್ಟಿರುವ ಯಂತ್ರದಲ್ಲಿ ಯಾವ ಮುಖ್ಯ ಬದಲಾವಣೆಯ ನಂತರವೂ ಹೀಗೆ ಸೈನ್ ಔಟ್ ಆಗಿ ಬರುವ ಅಭ್ಯಾಸ ಇಟ್ಟುಕೊಂಡರೆ ಅರ್ಧ ತಲೆನೋವು ತಪ್ಪುತ್ತದೆ.

ಯಂತ್ರ ಹ್ಯಾಂಗ್ ಆಗಿ ಏನೂ ಅಲುಗಾಡದಿದ್ದರೆ ಗೋಡೆಯ ಸ್ವಿಚ್ಚಿಗೆ ಕೈ ಹಾಕುವ ಮುನ್ನ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ನೋಡಿ. ಬರುವ ಪರದೆಯ ಬಲ ಮೂಲೆಯಲ್ಲಿ ಪವರ್ ಚಿಹ್ನೆ ಇರುತ್ತದೆ, ಅಲ್ಲಿಂದ ರೀಸ್ಟಾರ್ಟ್ ಕೊಡಬಹುದು. ಕಂಟ್ರೋಲ್ ಕೀ ಹಿಡಿದುಕೊಂಡು ಅದೇ ಚಿಹ್ನೆ ಒತ್ತಿದರೆ ಎಮರ್ಜೆನ್ಸಿ ರೀಸ್ಟಾರ್ಟ್ ಸಿಗುತ್ತದೆ. ಇದರಲ್ಲಿ ಸೇವ್ ಮಾಡದ ಕೆಲಸ ಹೋಗುತ್ತದೆ, ಆದರೂ ಪ್ಲಗ್ ಕೀಳುವುದಕ್ಕಿಂತ ಇದು ವಾಸಿ.

ಯಂತ್ರದ ಹೊರಗೆ ಒಂದು ಪ್ರತಿ

ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಚಾಲೂ ಇದೆಯೇ ಎಂದು ನೋಡುವುದು ಇಲ್ಲಿ ಎಲ್ಲಕ್ಕಿಂತ ಮೊದಲ ಕೆಲಸ. ಚಾಲೂ ಇದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದೋ ಮುದ್ರಿಸಿಯೋ ಬೇರೆ ಕಡೆ ಇಡಿ. ಮುಂದೆ ಬಯಾಸ್‌ನಲ್ಲಿ ಕೆಲವು ಸೆಟ್ಟಿಂಗ್ ಬದಲಾದಾಗ, ಅಥವಾ ಬಯಾಸ್ ತಾನಾಗಿ ಮೂಲ ಸ್ಥಿತಿಗೆ ಮರಳಿದಾಗ, ವಿಂಡೋಸ್ ಈ ಕೀಯನ್ನು ಕೇಳಬಹುದು. ಅದು ಇಲ್ಲದಿದ್ದರೆ ಬಟನ್ ಸರಿಯಾಗಿದ್ದೂ ಡಿಸ್ಕಿನೊಳಗಿನ ಒಂದು ಕಡತವೂ ಸಿಗುವುದಿಲ್ಲ. ಕೀಯನ್ನು ಅದೇ ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲೆ ಇಟ್ಟುಕೊಂಡವರನ್ನೂ ಕಂಡಿದ್ದೇನೆ. ಬೀಗದ ಕೈಯನ್ನು ಬೀಗ ಹಾಕಿದ ಕೋಣೆಯೊಳಗೇ ಇಟ್ಟು ಬಂದರೆ ಪ್ರಯೋಜನವಿಲ್ಲ.

ನಂತರ ರಿಸ್ಟೋರ್ ಪಾಯಿಂಟ್, ಅಂದರೆ ಏನಾದರೂ ಕೆಟ್ಟರೆ ವಿಂಡೋಸ್ ಸೆಟ್ಟಿಂಗ್‌ಗಳನ್ನು ಹಿಂದಿನ ಸ್ಥಿತಿಗೆ ಮರಳಿಸುವ ಗುರುತು. ಸ್ಟಾರ್ಟ್ ಮೆನುವಿನಲ್ಲಿ 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಎಂದು ಹುಡುಕಿ, ಸಿ ಡ್ರೈವ್‌ಗೆ ಪ್ರೊಟೆಕ್ಷನ್ ಆಫ್ ಎಂದಿದ್ದರೆ ಕಾನ್ಫಿಗರ್ ಒತ್ತಿ ಆನ್ ಮಾಡಿ, ಬಳಿಕ ಕ್ರಿಯೇಟ್ ಒತ್ತಿ ಒಂದು ಹೆಸರು ಕೊಡಿ. ಹಿಂದೆ ವಿಂಡೋಸ್ ರಿಜಿಸ್ಟ್ರಿಯ ಒಂದು ಪ್ರತಿಯನ್ನು ತಾನಾಗಿ ತೆಗೆದಿಡುತ್ತಿತ್ತು. ವಿಂಡೋಸ್ 10ರ 1803ನೇ ಆವೃತ್ತಿಯಿಂದ ಆ ಅಭ್ಯಾಸ ನಿಂತಿದೆ, ಹಾಗಾಗಿ ಈ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು. ರಿಸ್ಟೋರ್ ಪಾಯಿಂಟ್ ಇರುವುದು ಅದೇ ಡಿಸ್ಕಿನಲ್ಲಿ, ಆದ್ದರಿಂದ ಅದನ್ನು ಬ್ಯಾಕಪ್ ಎಂದು ಭಾವಿಸಬಾರದು. ನಿರ್ದಿಷ್ಟ ತಂತ್ರಾಂಶವೊಂದರ ಸೆಟ್ಟಿಂಗ್ ಬೇಕಿದ್ದರೆ ರಿಜಿಸ್ಟ್ರಿ ಎಡಿಟರ್ ತೆರೆದು, ಕರೆಂಟ್ ಯೂಸರ್ ಶಾಖೆಯ ಸಾಫ್ಟ್‌ವೇರ್ ಅಡಿಯಲ್ಲಿ ಆ ತಂತ್ರಾಂಶದ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬಹುದು. ಇಡೀ ರಿಜಿಸ್ಟ್ರಿಯನ್ನು ಎಕ್ಸ್‌ಪೋರ್ಟ್ ಮಾಡಿ ಇನ್ನೊಂದು ಯಂತ್ರಕ್ಕೆ ಸುರಿಯುವ ಸಾಹಸ ಮಾತ್ರ ಬೇಡ.

ಕನ್ನಡದಲ್ಲಿ ಕೆಲಸ ಮಾಡುವವರು ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಂತೆ ಕಾಣುತ್ತವೆ. ಕಡತ ಉಳಿಸಿ ಫಾಂಟ್ ಬಿಟ್ಟರೆ ಉಳಿಸಿದ್ದು ಅರ್ಧವೇ. ಫಾಂಟ್‌ಗಳು ಎರಡು ಕಡೆ ಇರಬಹುದು ಎಂಬುದನ್ನು ಗಮನಿಸಿ: ಎಲ್ಲ ಬಳಕೆದಾರರಿಗೂ ಎಂದು ಸ್ಥಾಪಿಸಿದವು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ನಲ್ಲಿರುತ್ತವೆ, ಬಲಗುಂಡಿ ಒತ್ತಿ ಬರೀ ಇನ್‌ಸ್ಟಾಲ್ ಎಂದು ಹಾಕಿಕೊಂಡವು, ಇತ್ತೀಚಿನ ವಿಂಡೋಸ್‌ಗಳಲ್ಲಿ, ನಿಮ್ಮ ಖಾತೆಯ ಆಪ್‌ಡೇಟಾ ಫೋಲ್ಡರಿನ ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್ ಎಂಬ ದಾರಿಯಲ್ಲಿ ಅಡಗಿರುತ್ತವೆ. ಆಪ್‌ಡೇಟಾ ಕಣ್ಣಿಗೆ ಬೀಳಬೇಕಾದರೆ ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್‌ಗೆ ಗುರುತು ಹಾಕಬೇಕು. ಅಲ್ಲೇ ಪಕ್ಕದಲ್ಲಿ, ಆಪ್‌ಡೇಟಾದ ರೋಮಿಂಗ್ ಒಳಗೆ, ವರ್ಡ್‌ನ ಟೆಂಪ್ಲೇಟ್ಸ್ ಫೋಲ್ಡರೂ, ನೀವು ವರ್ಷಗಟ್ಟಲೆ ಸೇರಿಸಿದ ಪದಗಳಿರುವ ಕಸ್ಟಮ್ ನಿಘಂಟಿನ ಯುಪ್ರೂಫ್ ಫೋಲ್ಡರೂ ಸಿಗುತ್ತವೆ. ಅವನ್ನೂ ನಕಲು ಮಾಡಿಕೊಳ್ಳಿ. ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ರೂಪಿಸಿದ್ದರ ಆಧಾರದ ಕ.ಗ.ಪ. (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸವೋ, ಇನ್‌ಸ್ಕ್ರಿಪ್ಟೋ, ಬೇರೆಯದೋ ಎಂದು ಒಂದು ಸಾಲು ಬರೆದಿಟ್ಟರೂ ಸಾಕು, ಹೊಸದಾಗಿ ಹೊಂದಿಸುವವರಿಗೆ ಊಹಿಸುವ ಕಷ್ಟ ತಪ್ಪುತ್ತದೆ.

ವೈಫೈ ಪಾಸ್‌ವರ್ಡ್, ಪ್ರಿಂಟರ್‌ನ ಹೆಸರು ಮತ್ತು ಐಪಿ ವಿಳಾಸ, ನೆಟ್‌ವರ್ಕ್ ಡ್ರೈವ್‌ಗಳ ದಾರಿ ಇವುಗಳಿಗೆ ಮೊಬೈಲ್‌ನಲ್ಲಿ ಪರದೆಯ ಫೋಟೋ ತೆಗೆದರೆ ಸಾಕು. ಪೆನ್‌ಡ್ರೈವ್ ತೆಗೆಯುವಾಗ ಎಜೆಕ್ಟ್ ಕೊಟ್ಟೇ ತೆಗೆಯಿರಿ.

ಬಟನ್ ಇಲ್ಲದೆ ಏಳುವ ದಾರಿ

ಈಗ ಬಯಾಸ್. ಸ್ಟಾರ್ಟ್ ಮೆನುವಿನ ಪವರ್ ಚಿಹ್ನೆಯಲ್ಲಿ ಶಿಫ್ಟ್ ಕೀ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ಬರುವ ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ಎಂದು ಒಂದಾದ ಮೇಲೊಂದು ಆಯ್ದುಕೊಂಡರೆ ಯಂತ್ರ ನೇರವಾಗಿ ಬಯಾಸ್ ಒಳಗೆ ತೆರೆದುಕೊಳ್ಳುತ್ತದೆ. ಹಳೆಯ ಯಂತ್ರಗಳಲ್ಲಿ ಈ ಆಯ್ಕೆ ಇರುವುದಿಲ್ಲ, ಅಲ್ಲಿ ರೀಸ್ಟಾರ್ಟ್ ಆಗುತ್ತಿದ್ದಂತೆ ಡಿಲೀಟ್ ಅಥವಾ ಎಫ್2 ಕೀಯನ್ನು ಪದೇಪದೇ ಒತ್ತುತ್ತಿರಬೇಕು. ಬ್ಲೂಟೂತ್ ಕೀಬೋರ್ಡ್ ಸಾಮಾನ್ಯವಾಗಿ ಬಯಾಸ್‌ನಲ್ಲಿ ಕೆಲಸ ಮಾಡುವುದಿಲ್ಲವಾದ್ದರಿಂದ ವಯರ್ ಇರುವ ಕೀಬೋರ್ಡ್ ಹಾಕಿಕೊಳ್ಳಿ.

ಇಲ್ಲೊಂದು ಎಚ್ಚರಿಕೆ ಅಗತ್ಯ. ವಿಂಡೋಸ್‌ನಲ್ಲಿ ಬಟನ್‌ಗೆ ಹಾಕಿದ 'ಡೂ ನಥಿಂಗ್' ಕಟ್ಟುಪಾಡು ಬಯಾಸ್ ಪರದೆಯಲ್ಲಿ ಅನ್ವಯಿಸುವುದಿಲ್ಲ. ಬಹುತೇಕ ಯಂತ್ರಗಳಲ್ಲಿ ಬಯಾಸ್ ತೆರೆದಿರುವಾಗ ಬಟನ್ ಒಮ್ಮೆ ತಗುಲಿದರೂ ಯಂತ್ರ ತಕ್ಷಣ ಆರುತ್ತದೆ, ಮತ್ತು ಸೇವ್ ಮಾಡದ ಬದಲಾವಣೆ ಅಲ್ಲೇ ಮುಗಿಯುತ್ತದೆ. ಆದ್ದರಿಂದ ಒಳಗೆ ಹೋದ ಮೇಲೆ ಅಲ್ಲಿ ಇಲ್ಲಿ ಅಲೆಯದೆ, ಬೇಕಾದ ಒಂದೇ ಸೆಟ್ಟಿಂಗ್ ಬದಲಿಸಿ, ಎಫ್10 ಒತ್ತಿ ಯೆಸ್ ಎಂದು ಒಪ್ಪಿ ಹೊರಬನ್ನಿ. ಉಳಿದದ್ದಕ್ಕೆ ಮತ್ತೊಮ್ಮೆ ಹೋಗಬಹುದು. ಎಸ್ಕೇಪ್ ಒತ್ತಿ ಬಂದರೆ ಬದಲಾವಣೆ ಉಳಿಯುವುದಿಲ್ಲ.

ಆ ಒಂದು ಸೆಟ್ಟಿಂಗ್ ಯಾವುದೆಂದರೆ, ಕರೆಂಟ್ ಹೋಗಿ ಬಂದಾಗ ಯಂತ್ರ ಏನು ಮಾಡಬೇಕು ಎಂಬುದು. ಮದರ್‌ಬೋರ್ಡ್ ತಯಾರಕರು ಇದನ್ನು ರಿಸ್ಟೋರ್ ಆನ್ ಎಸಿ ಪವರ್ ಲಾಸ್, ಎಸಿ ಬ್ಯಾಕ್, ಆಫ್ಟರ್ ಪವರ್ ಫೇಲ್ಯೂರ್, ಎಸಿ ರಿಕವರಿ ಎಂದು ನಾನಾ ಹೆಸರಿನಿಂದ ಕರೆಯುತ್ತಾರೆ. ಸಾಮಾನ್ಯವಾಗಿ ಅಡ್ವಾನ್ಸ್‌ಡ್ ಅಥವಾ ಪವರ್ ಪುಟದಲ್ಲಿ ಇರುತ್ತದೆ. ಅದಕ್ಕೆ ಮೂರು ಆಯ್ಕೆಗಳಿರುತ್ತವೆ. ಪವರ್ ಆಫ್ ಎಂದಿದ್ದರೆ ಕರೆಂಟ್ ಬಂದರೂ ಯಂತ್ರ ಏಳುವುದಿಲ್ಲ. ಲಾಸ್ಟ್ ಸ್ಟೇಟ್ ಎಂದಿದ್ದರೆ ಹಿಂದಿನ ಸ್ಥಿತಿಗೆ ಮರಳುತ್ತದೆ. ನೀವು ಸರಿಯಾಗಿ ಶಟ್‌ಡೌನ್ ಮಾಡಿ ಸ್ವಿಚ್ ತೆಗೆದಿದ್ದರೆ ಆ ಹಿಂದಿನ ಸ್ಥಿತಿ ಆರಿದ್ದದ್ದೇ, ಆದ್ದರಿಂದ ಅದೂ ಏಳಿಸುವುದಿಲ್ಲ. ನಮಗೆ ಬೇಕಾದದ್ದು ಪವರ್ ಆನ್. ಇದಾದ ಮೇಲೆ ವಿಂಡೋಸ್‌ನಿಂದ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ತೆಗೆದು, ಮದರ್‌ಬೋರ್ಡಿನಲ್ಲಿ ಉಳಿದ ವಿದ್ಯುತ್ ಇಳಿಯಲು ಅರ್ಧ ನಿಮಿಷ ಬಿಟ್ಟು ಮತ್ತೆ ಸ್ವಿಚ್ ಹಾಕಿದರೆ ಕಂಪ್ಯೂಟರ್ ತಾನಾಗಿ ಚಾಲೂ ಆಗುತ್ತದೆ. ಆದರೆ ಹೀಗೆ ಪರೀಕ್ಷಿಸುವ ಮುನ್ನ ಬಯಾಸ್‌ಗೆ ಇನ್ನೊಮ್ಮೆ ಹೋಗಿ, ಆ ಸಾಲು ಪವರ್ ಆನ್ ಎಂದೇ ಉಳಿದಿದೆಯೇ ಎಂದು ನೋಡಿ, ಮುಖ್ಯ ಪುಟಗಳ ಫೋಟೋವನ್ನೂ ತೆಗೆದುಕೊಳ್ಳಿ. ಪೂರ್ತಿ ಸೆಟ್ಟಿಂಗ್‌ಗಳನ್ನು ಪ್ರೊಫೈಲ್ ಎಂದು ಪೆನ್‌ಡ್ರೈವ್‌ಗೆ ಸೇವ್ ಮಾಡುವ ಸೌಲಭ್ಯ ಹಲವು ಮದರ್‌ಬೋರ್ಡ್‌ಗಳಲ್ಲಿದೆ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯದಾಗಿದ್ದರೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ.

ಕೀಬೋರ್ಡ್‌ನಿಂದ ಏಳಿಸುವ, ನಿಗದಿತ ಹೊತ್ತಿಗೆ ತಾನಾಗಿ ಏಳುವ, ನೆಟ್‌ವರ್ಕ್ ಮೂಲಕ ಎಬ್ಬಿಸುವ ಆಯ್ಕೆಗಳೂ ಕೆಲವು ಬಯಾಸ್‌ಗಳಲ್ಲಿ ಇರುತ್ತವೆ. ಅವು ಕೆಲಸ ಮಾಡಬೇಕಾದರೆ ಇಆರ್‌ಪಿ ಎಂಬ ವಿದ್ಯುತ್ ಉಳಿತಾಯದ ಸೆಟ್ಟಿಂಗ್ ಆಫ್ ಆಗಿರಬೇಕು, ಮತ್ತು ನೆಟ್‌ವರ್ಕ್ ವಿಧಾನಕ್ಕೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ (ಬೇಗ ಏಳಲು ಅರ್ಧ ಹೈಬರ್ನೇಟ್ ಆಗುವ ವ್ಯವಸ್ಥೆ) ಆಫ್ ಮಾಡುವುದು ಒಳ್ಳೆಯದು. ಮನೆಬಳಕೆಗೆ ಗೋಡೆಯ ಸ್ವಿಚ್ಚಿನ ದಾರಿಯೇ ನೆಚ್ಚಬಹುದಾದದ್ದು ಎಂಬುದು ನನ್ನ ಅಭಿಪ್ರಾಯ.

ಆದರೆ ಈ ದಾರಿಗೂ ಬೆಂಗಳೂರಿನಲ್ಲಿ ಒಂದು ಬೆಲೆ ಇದೆ. ಏಪ್ರಿಲ್, ಮೇ ತಿಂಗಳ ಸಂಜೆ ಗಾಳಿಮಳೆಗೆ ಮರದ ಕೊಂಬೆ ತಂತಿಗೆ ತಾಗಿ ಕರೆಂಟ್ ಹೋಗಿ, ಬಂದು, ಮತ್ತೆ ಹೋಗುವುದು ಇಲ್ಲಿ ಮಾಮೂಲು. ಪವರ್ ಆನ್ ಎಂದಿರುವ ಯಂತ್ರ ಕರೆಂಟ್ ಬಂದಾಗಲೆಲ್ಲ ಏಳುತ್ತದೆ, ವಿಂಡೋಸ್ ತೆರೆದುಕೊಳ್ಳುವಷ್ಟರಲ್ಲಿ ಮತ್ತೆ ಆರುತ್ತದೆ. ಸೆಟ್ಟಿಂಗ್‌ಗಳಿಗೂ ಡಿಸ್ಕಿಗೂ ಇದಕ್ಕಿಂತ ಕೆಟ್ಟ ಪೆಟ್ಟು ಬೇರೆ ಇಲ್ಲ. ಆದ್ದರಿಂದ ಕೆಲಸ ಮುಗಿಸಿ ಏಳುವಾಗ ಗೋಡೆಯ ಸ್ವಿಚ್ಚನ್ನು ತಪ್ಪದೆ ತೆಗೆಯಬೇಕು, ಮನೆಯಲ್ಲಿ ಎಲ್ಲರಿಗೂ ಇದನ್ನು ಹೇಳಿರಬೇಕು. ಕಂಪ್ಯೂಟರ್ ಯುಪಿಎಸ್‌ಗೆ ಸೇರಿದ್ದರೆ ಇನ್ನೊಂದು ಸೂಕ್ಷ್ಮ: ಗೋಡೆಯ ಸ್ವಿಚ್ ತೆಗೆದರೂ ಯುಪಿಎಸ್ ಬ್ಯಾಟರಿಯಿಂದ ವಿದ್ಯುತ್ ಕೊಡುತ್ತಲೇ ಇರುತ್ತದೆ, ಹಾಗಾಗಿ ಆರಿಸಿ ಹಾಕಬೇಕಾದದ್ದು ಯುಪಿಎಸ್‌ನ ಗುಂಡಿಯನ್ನು. ಮನೆಗೆಲ್ಲ ಇರುವ ಹೋಮ್ ಯುಪಿಎಸ್ ಆದರೆ ಅದರ ಹಿಂಭಾಗದ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿ ಇದೆಯೇ ನೋಡಿ. ಇನ್ನೊಂದು ಮೋಡ್‌ನಲ್ಲಿ ಕರೆಂಟ್‌ನಿಂದ ಬ್ಯಾಟರಿಗೆ ಬದಲಾಗಲು ಹೆಚ್ಚು ಹೊತ್ತು ಹಿಡಿಯುವುದರಿಂದ ಫ್ಯಾನ್ ನಿಲ್ಲದಿದ್ದರೂ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು.

ದಿನವೂ ಗೋಡೆಯ ಸ್ವಿಚ್ ತೆಗೆಯುವುದರಿಂದ ಮದರ್‌ಬೋರ್ಡಿನ ನಾಣ್ಯದಾಕಾರದ ಸಿಆರ್ 2032 ಸೆಲ್‌ಗೂ ಕೆಲಸ ಹೆಚ್ಚುತ್ತದೆ. ಸ್ಟ್ಯಾಂಡ್‌ಬೈ ವಿದ್ಯುತ್ ಇರುವಾಗ ಗಡಿಯಾರ ಅದರಿಂದಲೇ ನಡೆಯುತ್ತದೆ, ಅದು ಇಲ್ಲದಾಗ 3 ವೋಲ್ಟ್‌ನ ಈ ಸೆಲ್ ನಡೆಸಬೇಕು. ಬೆಳಿಗ್ಗೆ ಸ್ವಿಚ್ ಹಾಕಿದಾಗ ದಿನಾಂಕ ಹಳೆಯ ವರ್ಷಕ್ಕೆ ಹೋಗಿದ್ದರೆ, ಅಥವಾ ದಿನಾಂಕ ತಪ್ಪಾಗಿ ಬ್ರೌಸರ್‌ನಲ್ಲಿ ಬ್ಯಾಂಕಿನ ತಾಣ ತೆರೆಯದೆ ಪ್ರಮಾಣಪತ್ರದ ದೋಷ ತೋರಿಸಿದರೆ, ಸೆಲ್ ಸತ್ತಿದೆ ಎಂದೇ ತಿಳಿಯಿರಿ. ಹಲವು ಮದರ್‌ಬೋರ್ಡ್‌ಗಳಲ್ಲಿ ಸೆಲ್ ಸತ್ತರೆ ಎಸಿ ಪವರ್ ಲಾಸ್ ಸೆಟ್ಟಿಂಗ್ ಕೂಡ ಮೂಲ ಸ್ಥಿತಿಗೆ ಮರಳುತ್ತದೆ, ಆಗ ಗೋಡೆಯ ಸ್ವಿಚ್ ಹಾಕಿದರೂ ಯಂತ್ರ ಮಲಗಿಯೇ ಇರುತ್ತದೆ. ಯಂತ್ರ ಮೂರು ನಾಲ್ಕು ವರ್ಷ ಹಳೆಯದಾಗಿದ್ದರೆ ಕ್ಯಾಬಿನೆಟ್ ಬಿಚ್ಚುವ ದಿನವೇ ಸೆಲ್ ಬದಲಿಸಿ, ಬಯಾಸ್‌ನಲ್ಲಿ ಫೋಟೋ ನೋಡಿಕೊಂಡು ಮತ್ತೆ ಹೊಂದಿಸಿ. ತೆಗೆದ ಸೆಲ್ ಮಕ್ಕಳ ಕೈಗೆ ಸಿಗಬಾರದು, ನುಂಗಿದರೆ ಪ್ರಾಣಾಪಾಯ.

ಲ್ಯಾಪ್‌ಟಾಪ್ ಮತ್ತು ಲಿನಕ್ಸ್

ಲ್ಯಾಪ್‌ಟಾಪಿನೊಳಗೆ ಬ್ಯಾಟರಿ ಇರುವುದರಿಂದ ಗೋಡೆಯ ಸ್ವಿಚ್ಚಿನ ಉಪಾಯ ಹಾಗೆಯೇ ನಡೆಯುವುದಿಲ್ಲ. ಕಚೇರಿ ಬಳಕೆಯ ಕೆಲವು ಮಾದರಿಗಳ ಬಯಾಸ್‌ನಲ್ಲಿ ಚಾರ್ಜರ್ ಸಿಕ್ಕಿಸಿದಾಗ ಅಥವಾ ಮುಚ್ಚಳ ತೆರೆದಾಗ ಏಳುವ ಆಯ್ಕೆ ಇರುತ್ತದೆ, ಇದ್ದರೆ ಅದನ್ನು ಆನ್ ಮಾಡಿ. ಇಲ್ಲದಿದ್ದರೆ ರಿಪೇರಿಯ ತನಕ ಶಟ್‌ಡೌನ್ ಮಾಡದೆ, ಮುಚ್ಚಳ ಮುಚ್ಚಿದಾಗ ಸ್ಲೀಪ್ ಆಗುವಂತೆ ಹೊಂದಿಸಿ, ಚಾರ್ಜರ್ ಸಿಕ್ಕಿಸಿಯೇ ಇಡುವುದು ಉತ್ತಮ. ಬ್ಯಾಟರಿ ತೀರಾ ಕಡಿಮೆಯಾದಾಗ ವಿಂಡೋಸ್ ಸಾಮಾನ್ಯವಾಗಿ ಹೈಬರ್ನೇಟ್‌ಗೆ ಹೋಗುತ್ತದೆ, ಅಲ್ಲಿಂದ ಎಬ್ಬಿಸಲು ಬಟನ್ನೇ ಬೇಕು.

ಉಬುಂಟು ಬಳಸುವವರು ಸೆಟ್ಟಿಂಗ್ಸ್‌ನ ಪವರ್ ಪುಟದಲ್ಲಿ ಪವರ್ ಬಟನ್ ಬಿಹೇವಿಯರ್ ಎಂಬುದನ್ನು ನಥಿಂಗ್ ಎಂದು ಬದಲಿಸಿದರೆ ಸಾಕು. ಮೆಮೊರಿಯಲ್ಲಿ ಉಳಿದ ಬರಹವನ್ನು ಡಿಸ್ಕಿಗೆ ಇಳಿಸಲು ಟರ್ಮಿನಲ್‌ನಲ್ಲಿ ಸಿಂಕ್ ಎಂಬ ಒಂದು ಪದದ ಆದೇಶವಿದೆ. ಬಯಾಸ್‌ನ ಕೆಲಸವೆಲ್ಲ ಮೇಲೆ ಹೇಳಿದಂತೆಯೇ.

ಕೊನೆಗೆ ಬಟನ್ ರಿಪೇರಿ

ಕ್ಯಾಬಿನೆಟ್‌ನಲ್ಲಿ ರಿಸೆಟ್ ಬಟನ್ ಇದ್ದರೆ ಪೈಸೆ ಖರ್ಚಿಲ್ಲದೆ ಮುಗಿಯುತ್ತದೆ, ಏಕೆಂದರೆ ಅದೂ ಪವರ್ ಬಟನ್‌ನಂಥದ್ದೇ ಸ್ವಿಚ್. ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಅರ್ಧ ನಿಮಿಷ ಬಿಟ್ಟು ಕ್ಯಾಬಿನೆಟ್‌ನ ಬದಿ ತೆಗೆಯಿರಿ. ಮೈಯ ಸ್ಥಾಯೀ ವಿದ್ಯುತ್ ಇಳಿಯಲು ಲೋಹದ ಚೌಕಟ್ಟನ್ನು ಒಮ್ಮೆ ಮುಟ್ಟಿ. ಮದರ್‌ಬೋರ್ಡಿನ ಕೆಳ ಅಂಚಿನಲ್ಲಿ ಚಿಕ್ಕ ಚಿಕ್ಕ ಪ್ಲಗ್‌ಗಳ ಗುಂಪು ಕಾಣುತ್ತದೆ; ಪವರ್ ಎಸ್‌ಡಬ್ಲ್ಯೂ, ರಿಸೆಟ್ ಎಸ್‌ಡಬ್ಲ್ಯೂ ಎಂದು ಅವುಗಳ ಮೇಲೆ ಬರೆದಿರುತ್ತದೆ. ಕೈ ಹಾಕುವ ಮುನ್ನ ಫೋಟೋ ತೆಗೆದುಕೊಂಡು, ಪವರ್ ಪ್ಲಗ್ಗನ್ನು ಎಳೆದು, ಅದರ ಎರಡು ಪಿನ್ನುಗಳಿಗೆ ರಿಸೆಟ್ ಪ್ಲಗ್ಗನ್ನು ಕೂರಿಸಿ. ಸ್ವಿಚ್ಚಿನ ಪ್ಲಗ್‌ಗೆ ಎಡಬಲದ ಭೇದವಿಲ್ಲ, ಎಲ್‌ಇಡಿ ಪ್ಲಗ್‌ಗೆ ಮಾತ್ರ ಇದೆ. ಇನ್ನು ಮುಂದೆ ರಿಸೆಟ್ ಗುಂಡಿಯೇ ಪವರ್ ಗುಂಡಿ. ಕೆಲವರು ಸ್ಕ್ರೂಡ್ರೈವರ್‌ನಿಂದ ಆ ಪಿನ್ನುಗಳನ್ನು ಮುಟ್ಟಿಸಿ ಯಂತ್ರ ಏಳಿಸುತ್ತಾರೆ. ಪಕ್ಕದ ತಪ್ಪು ಪಿನ್ನಿಗೆ ತಾಗುವ ಅಪಾಯ ಇರುವುದರಿಂದ ಅದನ್ನು ನಾನು ಶಿಫಾರಸು ಮಾಡುವುದಿಲ್ಲ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಯಾವ ಕಾರಣಕ್ಕೂ ಬಿಚ್ಚಬಾರದು, ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಹೆಸರಾಂತ ಕಂಪನಿಗಳ ಸಣ್ಣ ಡೆಸ್ಕ್‌ಟಾಪ್‌ಗಳಲ್ಲಿ ಪ್ಲಗ್‌ನ ವಿನ್ಯಾಸ ಬೇರೆ ಇರಬಹುದು. ವಾರಂಟಿ ಇದ್ದರೆ ಅವರ ಸರ್ವಿಸ್‌ಗೇ ಕೊಡಿ.

ರಿಸೆಟ್ ಬಟನ್ ಇಲ್ಲದಿದ್ದರೆ ಕಂಪ್ಯೂಟರ್ ಬಿಡಿಭಾಗಗಳು ಸಿಗುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕು; ಚಿಕ್ಕಪೇಟೆ ಮೆಟ್ರೋ ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಬಹುದು. "ಅಣ್ಣಾ, ಕ್ಯಾಬಿನೆಟ್ ಪವರ್ ಸ್ವಿಚ್ ಕೇಬಲ್ ಇದೆಯಾ, ಬಟನ್ ಸಮೇತ?" ಎಂದು ಕೇಳಿದರೆ ಸಾಕು, ಉದ್ದನೆಯ ವಯರಿನ ತುದಿಯಲ್ಲಿ ಗುಂಡಿ ಇರುವ ಕೇಬಲ್ ಸಿಗುತ್ತದೆ. ಅದನ್ನು ಮೇಜಿನ ಮೇಲೂ ಅಂಟಿಸಿಕೊಳ್ಳಬಹುದು. ಇಡೀ ಯಂತ್ರವನ್ನೇ ರಿಪೇರಿಗೆ ಕೊಡುವುದಾದರೆ ವಿಂಡೋಸ್ ಪಾಸ್‌ವರ್ಡ್ ಕೊಡಬೇಕಾದ ಅಗತ್ಯವಿಲ್ಲ, ಏಕೆಂದರೆ ಬಟನ್ ಸರಿಯಾಗಿದೆಯೇ ಎಂಬುದು ಬಯಾಸ್ ಪರದೆಯಲ್ಲೇ ಗೊತ್ತಾಗುತ್ತದೆ.

ಯಂತ್ರ ಮರಳಿ ಬಂದ ಮೇಲೆ, ತಾತ್ಕಾಲಿಕವಾಗಿ ಬದಲಿಸಿದ್ದನ್ನೆಲ್ಲ ಹಿಂದಿನಂತೆ ಮಾಡಬೇಕು. ಬಯಾಸ್‌ನಲ್ಲಿ ಎಸಿ ಪವರ್ ಲಾಸ್ ಸಾಲನ್ನು ಪವರ್ ಆಫ್‌ಗೆ ತನ್ನಿ, ವಿಂಡೋಸ್‌ನಲ್ಲಿ ಪವರ್ ಬಟನ್‌ಗೆ ಶಟ್‌ಡೌನ್ ಆಯ್ಕೆಯನ್ನೂ ಸ್ಲೀಪ್‌ಗೆ ಹಳೆಯ ಅವಧಿಯನ್ನೂ ಕೊಡಿ, ನಿಲ್ಲಿಸಿದ್ದ ಅಪ್‌ಡೇಟನ್ನು ಮುಂದುವರಿಸಿ, ವೈಫೈ ಪಾಸ್‌ವರ್ಡ್‌ನ ಫೋಟೋವನ್ನು ಮೊಬೈಲ್‌ನಿಂದ ಅಳಿಸಿ.